ಅಣಕ ಮೊದಲು, ಅಸಲಿ ಆಮೇಲೆ

ಮಾರ್ಟಿನ್ ಸ್ಕಾರ್ಸೆಸೆಯ 'ಕೇಪ್ ಫಿಯರ್' ಸಿನಿಮಾವನ್ನು ನಾನೂ ನನ್ನ ಹೆಂಡತಿಯೂ ಒಟ್ಟಿಗೆ ಕೂತು ನೋಡಿದೆವು. ಅವಳು ಹೆದರಿದಳು, ನಾನು ನಕ್ಕೆ. ಜೈಲಿನಿಂದ ಹೊರಬಂದ ಮ್ಯಾಕ್ಸ್ ಕೇಡಿ ಎಂಬ ಮನುಷ್ಯ, ತನ್ನ ಕೇಸು ನಡೆಸುತ್ತಲೇ ತನಗೆ ದ್ರೋಹ ಮಾಡಿದ ವಕೀಲನ ಸಂಸಾರದ ಬೆನ್ನು ಹತ್ತುವ ಕಥೆ ಅದು. ವಕೀಲ ಹೆಂಡತಿ ಮಗಳ ಜೊತೆ ಥಿಯೇಟರಿಗೆ ಹೋಗಿರುತ್ತಾನೆ. ಮುಂದೆ ಒಬ್ಬ ಕೂತು ದಪ್ಪನೆಯ ಸಿಗಾರ್ ಸೇದುತ್ತಿರುತ್ತಾನೆ. ಅದರ ಹೊಗೆ ಹಿಂದಿನವರಿಗೆ ಪರದೆಯನ್ನೇ ಮರೆ ಮಾಡುತ್ತದೆ. ಪರದೆಯ ಮೇಲೆ ನಡೆಯುವುದಕ್ಕೂ ಅವನ ನಗುವಿಗೂ ತಾಳಮೇಳವೇ ಇಲ್ಲ. ಅಷ್ಟು ಜೋರಾಗಿ, ಅಷ್ಟು ಹೊತ್ತು ನಗುತ್ತಾನೆ. ಅವನೇ ಕೇಡಿ. ರಾಬರ್ಟ್ ಡಿ ನೀರೊ ಆ ನಗುವಿನಲ್ಲೇ ಇಡೀ ಪಾತ್ರವನ್ನು ತುಂಬಿಬಿಟ್ಟಿದ್ದಾರೆ. ನೋಡುವವರ ಬೆನ್ನು ತಣ್ಣಗಾಗಬೇಕಾದ ಜಾಗ. ಅಲ್ಲಿ ನನಗೆ ತಡೆಯಲಾಗದ ನಗು ಬಂತು. "ಇದರಲ್ಲಿ ನಗೋದಕ್ಕೆ ಏನಿದೆ ರೀ?" ಎಂದು ಅವಳು ಕೇಳಿದ್ದು ಸರಿಯಾದ ಪ್ರಶ್ನೆಯೇ.

ಕಾರಣ ಹೇಳುವುದು ಸುಲಭ. ಅದೇ ಸೀನನ್ನು ನಾನು ಬಹಳ ವರ್ಷಗಳ ಹಿಂದೆಯೇ ನೋಡಿದ್ದೆ, ಹಳದಿ ಮೈಬಣ್ಣದ ಕಾರ್ಟೂನ್ ಮನುಷ್ಯರ ಮೂಲಕ. 'ದಿ ಸಿಂಪ್ಸನ್ಸ್' ಸರಣಿಯ 'ಕೇಪ್ ಫಿಯರ್' ಎಪಿಸೋಡಿನಲ್ಲಿ, ಸಿಂಪ್ಸನ್ ಮನೆಯ ಹುಡುಗ ಬಾರ್ಟ್‌ನನ್ನು ಕೊಲ್ಲಲು ಬೆನ್ನು ಹತ್ತಿದ ಖಳ ಸೈಡ್‌ಶೋ ಬಾಬ್ ಹೀಗೇ ಥಿಯೇಟರಿನಲ್ಲಿ ಕೂತು ಸಿಗಾರ್ ಹೊಗೆ ಬಿಡುತ್ತಾ ಗಹಗಹಿಸುತ್ತಾನೆ. ಅಲ್ಲಿ ಅವನ ಮುಂದೆ ಇನ್ನೂ ದೊಡ್ಡ ಸಿಗಾರ್ ಹಿಡಿದು ಇನ್ನೂ ಜೋರಾಗಿ ನಗುತ್ತಾ ಬಾರ್ಟ್‌ನ ಅಪ್ಪ ಹೋಮರ್ ಸಿಂಪ್ಸನ್ ಕೂತಿರುತ್ತಾನೆ, ಬಾಬ್‌ಗೇ ಅದು ಸಹಿಸಲಾಗದಷ್ಟು ಕಿರಿಕಿರಿಯಾಗುತ್ತದೆ. ಅಣಕವನ್ನು ಮೊದಲು ನೋಡಿದವನಿಗೆ ಅಸಲಿಯನ್ನು ನೋಡುವಾಗ ಅಣಕವೇ ನೆನಪಾಗುವುದು ಸಹಜ. ಇಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಎದ್ದು ತಲೆಯೊಳಗೆ ಕೊರೆಯತೊಡಗಿತು. ಎಪಿಸೋಡ್ ನೋಡಿದಾಗ ನನಗೆ ಸ್ಕಾರ್ಸೆಸೆ ಗೊತ್ತಿರಲಿಲ್ಲ, ಡಿ ನೀರೊ ಹೆಸರು ಎಲ್ಲೋ ಕೇಳಿದ್ದೆ ಅಷ್ಟೇ, 'ಕೇಪ್ ಫಿಯರ್' ಅನ್ನುವ ಸಿನಿಮಾ ಇದೆ ಎಂಬುದೇ ತಿಳಿದಿರಲಿಲ್ಲ. ಮೂಲವೇ ಗೊತ್ತಿಲ್ಲದವನು ಅಣಕ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಯಾವುದಕ್ಕೆ?

ಟಿವಿ ಕೋಣೆ

ಹಾಸ್ಟೆಲ್ಲಿನ ಕೆಳಮಹಡಿಯಲ್ಲಿ ಒಂದು ಟಿವಿ ಕೋಣೆ ಇತ್ತು. ಕ್ರಿಕೆಟ್ ಇದ್ದ ದಿನ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಬೇರೆ ದಿನ ಊಟದ ಹೊತ್ತಿಗೆ ನಾಲ್ಕಾರು ಜನ ತಟ್ಟೆ ಹಿಡಿದು ಬಂದು ರಿಮೋಟ್ ಯಾರ ಕೈಯಲ್ಲಿದೆಯೋ ಅವರ ಚಾನೆಲ್ ನೋಡುತ್ತಿದ್ದರು. ಸ್ಟಾರ್ ವರ್ಲ್ಡ್‌ನಲ್ಲಿ ಸಿಂಪ್ಸನ್ಸ್ ಬರುತ್ತಿದ್ದ ಕಾಲ. ನನ್ನ ಪಕ್ಕದಲ್ಲಿ ಹೊನ್ನಾವರದ ಕಡೆಯ ಗೆಳೆಯನೊಬ್ಬ ಇರುತ್ತಿದ್ದ. ಇಂಗ್ಲಿಷ್ ಸಂಭಾಷಣೆ, ಅದೂ ಅಮೆರಿಕದ ವೇಗದ್ದು, ಅವನಿಗೆ ಅರ್ಧ ಹಿಡಿಯುತ್ತಿತ್ತು, ನನಗೂ ಅಷ್ಟೇ. ಆದರೂ ಈ ಎಪಿಸೋಡ್ ಬಂದ ದಿನ ಅವನು ಸಾರು ಅನ್ನ ಬಾಯಲ್ಲಿಟ್ಟುಕೊಂಡು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುವಂತೆ ನಕ್ಕ.

ಆ ಜಾಗ ಸಿಂಪ್ಸನ್ಸ್ ನೋಡಿದ ಎಲ್ಲರಿಗೂ ಗೊತ್ತು. ಬಾಬ್ ಕಾರಿನ ಅಡಿಯಿಂದ ತೆವಳಿ ಹೊರಬರುತ್ತಾನೆ, ಎದ್ದು ನಿಂತು ಒಂದು ಹೆಜ್ಜೆ ಇಡುತ್ತಾನೆ. ನೆಲದ ಮೇಲೆ ಎಲೆ ಬಾಚುವ ರೇಕ್ ಬಿದ್ದಿದೆ. ಅದರ ಹಲ್ಲಿನ ಮೇಲೆ ಕಾಲಿಟ್ಟ ಕೂಡಲೇ ಹಿಡಿ ಎದ್ದು ಬಂದು ಮುಖಕ್ಕೆ ಬಡಿಯುತ್ತದೆ. ಬಾಬ್ ಗಂಟಲಲ್ಲೇ ಒಂದು ಸಣ್ಣ ನರಳಾಟ ಹೊರಡಿಸುತ್ತಾನೆ. ತಿರುಗುತ್ತಾನೆ, ಇನ್ನೊಂದು ರೇಕ್. ಮತ್ತೆ ಅದೇ ನರಳಾಟ. ಒಟ್ಟು 9 ಸಲ. ಮೊದಲ ಎರಡು ಏಟಿಗೆ ಕೋಣೆಯೆಲ್ಲಾ ನಕ್ಕಿತು. ನಾಲ್ಕನೆಯದಕ್ಕೆ ನಗು ಸೊರಗಿತು, ಒಬ್ಬ ಚಾನೆಲ್ ಬದಲಾಯಿಸಲು ಹೊರಟ. ಆರನೆಯದಕ್ಕೋ ಏಳನೆಯದಕ್ಕೋ ನನ್ನ ಗೆಳೆಯ "ಇನ್ನೂ ಮುಗೀಲಿಲ್ವ ಮಾರಾಯಾ ಇದು!" ಅಂದ. ಅಲ್ಲಿಂದ ಕೋಣೆ ಮತ್ತೆ ಸಿಡಿಯಿತು. ಏಟು ಹಳೆಯದಾದ ಮೇಲೆ, ಏಟು ನಿಲ್ಲುತ್ತಿಲ್ಲ ಎನ್ನುವುದೇ ಹೊಸ ಹಾಸ್ಯವಾಗಿತ್ತು. ಮೊದಲು ಒಂದೇ ರೇಕ್ ಇಟ್ಟುಕೊಂಡಿದ್ದರಂತೆ, ಎಪಿಸೋಡಿನ ಉದ್ದ ಸಾಲದೆ ಹೋದಾಗ ಆ ಏಟನ್ನೇ ಮತ್ತೆ ಮತ್ತೆ ಹಾಕಿ ಹೊತ್ತು ತುಂಬಿಸಿದರು ಎಂದು ಅದನ್ನು ಮಾಡಿದವರೇ ಹೇಳಿಕೊಂಡಿದ್ದಾರೆ. ಹೊತ್ತು ತುಂಬಿಸಲು ಮಾಡಿದ್ದು ಈ ಸರಣಿಯಲ್ಲೇ ಜನ ಹೆಚ್ಚು ನೆನಪಿಟ್ಟುಕೊಂಡ ಜಾಗಗಳಲ್ಲಿ ಒಂದಾಯಿತು.

ಇದು ಯಾವ ಸಿನಿಮಾದ ಅಣಕವೂ ಅಲ್ಲ. ರೇಕ್ ಹಿಡಿ ಮುಖಕ್ಕೆ ಬಡಿಯುವುದಕ್ಕೆ ಯಾವ ಪೂರ್ವಪಾಠವೂ ಬೇಡ. ಹಾಗಾದರೆ ನಾವು ನಕ್ಕಿದ್ದು ಇಂಥ ಹೊಡೆದಾಟಕ್ಕೆ ಮಾತ್ರ, ಮಿಕ್ಕ ಅಣಕವೆಲ್ಲ ನಮ್ಮ ತಲೆಯ ಮೇಲಿಂದ ಹಾದುಹೋಯಿತು ಎಂದುಬಿಡಬಹುದೆ? ಹಲವು ದಿನ ನಾನೂ ಹಾಗೆಯೇ ಅಂದುಕೊಳ್ಳಲು ನೋಡಿದೆ. ಆದರೆ ಆ ಉತ್ತರ ಮನಸ್ಸಿಗೆ ಒಗ್ಗಲಿಲ್ಲ, ಯಾಕೆಂದರೆ ಥಿಯೇಟರಿನ ಸಿಗಾರಿಗೂ ನಾವು ನಕ್ಕಿದ್ದೆವು, ಕಾರಿನ ಅಡಿಯ ಪ್ರಯಾಣಕ್ಕಂತೂ ರೇಕಿನಷ್ಟೇ ನಕ್ಕಿದ್ದೆವು. ಅವೆರಡೂ ಸಿನಿಮಾದಿಂದ ನೇರವಾಗಿ ಎತ್ತಿಕೊಂಡವು.

ನಮ್ಮ ಕಡೆಯ ಅಣಕ

ನಮಗೆ ಪರಿಚಯವಿರುವ ಅಣಕದ ಕ್ರಮವೇ ಬೇರೆ. ಎಲ್ಲರ ಬಾಯಲ್ಲಿರುವ ಭಾವಗೀತೆಯ ಧಾಟಿಗೆ ಸೊಳ್ಳೆಕಾಟದ ಮೇಲೋ ಬೆಲೆಯೇರಿಕೆಯ ಮೇಲೋ ಸಾಲು ಹೊಂದಿಸಿ ಹಾಡುವ ಅಣಕವಾಡನ್ನೇ ತೆಗೆದುಕೊಳ್ಳಿ. ಮೂಲದ ಸಾಲು ಕೇಳುವವರ ಕಿವಿಯಲ್ಲಿ ಮೊದಲೇ ಓಡುತ್ತಿರುತ್ತದೆ. ಹೊಸ ಮಾತು ಅದಕ್ಕೆ ತಗುಲಿದಾಗ ನಗು ಹುಟ್ಟುತ್ತದೆ. ಮೂಲ ಗೊತ್ತಿಲ್ಲದವರಿಗೆ ಅದು ಬರೀ ಸಾಧಾರಣ ಪ್ರಾಸ. ನನ್ನ ಗೆಳೆಯನ ಊರಿನ ಬಯಲಾಟದಲ್ಲೂ ಹಾಗೆಯೇ. ರಾಜನ ಸಭೆಯಲ್ಲಿ ದೂತನಾಗಿ ನಿಂತ ಹಾಸ್ಯಗಾರ ಇದ್ದಕ್ಕಿದ್ದಂತೆ ಊರಿನ ರಸ್ತೆ ಹೊಂಡದ ಮಾತೆತ್ತುತ್ತಾನೆ, ಜನ ಕುರ್ಚಿಯಿಂದ ಎದ್ದು ನಗುತ್ತಾರೆ. ರಾಮಾಯಣ ಮಹಾಭಾರತದ ಆ ಪ್ರಸಂಗ ಪ್ರತಿಯೊಬ್ಬರಿಗೂ ಗೊತ್ತು, ಆ ಹೊಂಡವೂ ಪ್ರತಿಯೊಬ್ಬರಿಗೂ ಗೊತ್ತು. ಎರಡೂ ಗೊತ್ತಿರುವವರ ನಡುವೆ ನಡೆಯುವ ವ್ಯವಹಾರ ಅದು. ನಾನು ಇದನ್ನು ಬಹಳ ಮೆಚ್ಚುತ್ತೇನೆ. ಒಂದು ಊರು ಒಟ್ಟಿಗೆ ಕೂತು ಒಂದೇ ನೆನಪನ್ನು ತಿರುವಿ ಹಾಕಿ ನಗುವುದು ಸಣ್ಣ ಸಂಗತಿಯಲ್ಲ.

ಸಿಂಪ್ಸನ್ಸ್ ಅಮೆರಿಕದಲ್ಲಿ ಫಾಕ್ಸ್ ಚಾನೆಲ್ಲಿನಲ್ಲಿ ಸ್ವಂತ ಸರಣಿಯಾಗಿ ಶುರುವಾದದ್ದು 1989ರ ಡಿಸೆಂಬರಿನಲ್ಲಿ. ನಾನು ಹೇಳುತ್ತಿರುವ ಎಪಿಸೋಡ್ ಪ್ರಸಾರವಾದದ್ದು 1993ರ ಅಕ್ಟೋಬರ್ 7ರಂದು. ಸ್ಕಾರ್ಸೆಸೆಯ ಸಿನಿಮಾ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಅಲ್ಲಿನವರಿಗೆ ಅದು ಬಯಲಾಟದ ಹಾಸ್ಯದಂತೆಯೇ ಕೆಲಸ ಮಾಡಿರಬೇಕು: ನೆನಪು ಇನ್ನೂ ಹಸಿ. ನಾವು ಮಾತ್ರ ಆ ನೆನಪಿನ ಹೊರಗಿದ್ದವರು, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಬಹಳ ವರ್ಷ ತಡವಾಗಿ, ಹಾಸ್ಟೆಲ್ ಸಾರು ಉಣ್ಣುತ್ತಾ ನೋಡುತ್ತಿದ್ದವರು. ಹೊರಗಿನವರನ್ನೂ ನಗಿಸಿದ ಅಣಕದೊಳಗೆ ಏನಿತ್ತು ಎಂದು ನೋಡಲೆಂದೇ ನಾನು ಎಪಿಸೋಡನ್ನೂ ಎರಡು ಸಿನಿಮಾಗಳನ್ನೂ ಮತ್ತೆ ಹಾಕಿಕೊಂಡು ಕೂತೆ.

ಪದರದ ಮೇಲೆ ಪದರ

ಎರಡು ಸಿನಿಮಾ ಎಂದೆ. ಸ್ಕಾರ್ಸೆಸೆಯದು ರೀಮೇಕ್. ಜಾನ್ ಡಿ. ಮ್ಯಾಕ್‌ಡೊನಾಲ್ಡ್ 1957ರಲ್ಲಿ ಬರೆದ ಒಂದು ಕಾದಂಬರಿಯಿಂದ 1962ರಲ್ಲಿ ಜೆ. ಲೀ ಥಾಂಪ್ಸನ್ ಕಪ್ಪುಬಿಳುಪಿನಲ್ಲಿ ಮೊದಲ 'ಕೇಪ್ ಫಿಯರ್' ಮಾಡಿದರು. ಅದರಲ್ಲಿ ಗ್ರೆಗರಿ ಪೆಕ್ ವಕೀಲ, ರಾಬರ್ಟ್ ಮಿಚಮ್ ಕೇಡಿ. 1991ರ ರೀಮೇಕಿನಲ್ಲಿ ಪೆಕ್ ಮತ್ತು ಮಿಚಮ್ ಇಬ್ಬರೂ ಸಣ್ಣ ಪಾತ್ರಗಳಲ್ಲಿ ಬಂದುಹೋಗುತ್ತಾರೆ, ಅದೂ ಪಕ್ಷ ಬದಲಾಯಿಸಿಕೊಂಡು: ಹಳೆಯ ಸಿನಿಮಾದ ಒಳ್ಳೆಯ ವಕೀಲ ಈಗ ಕೇಡಿಯ ಪರ ವಾದಿಸುತ್ತಾನೆ, ಹಳೆಯ ಕೇಡಿ ಈಗ ಪೊಲೀಸ್ ಅಧಿಕಾರಿ. ಅಂದರೆ ನಾವು ಅಸಲಿ ಎನ್ನುವುದೇ ತನ್ನ ಹಿಂದಿನದರ ಜೊತೆ ಮಾತಾಡುತ್ತಿತ್ತು. ಬರ್ನಾರ್ಡ್ ಹರ್ಮನ್ 1962ಕ್ಕೆ ಬರೆದ ಸಂಗೀತವನ್ನೇ ಎಲ್ಮರ್ ಬರ್ನ್‌ಸ್ಟೈನ್ 1991ಕ್ಕೆ ಹೊಸದಾಗಿ ಹೊಂದಿಸಿದರು. ಕೆಳಕ್ಕೆ ಇಳಿಯುವ ನಾಲ್ಕು ಸ್ವರಗಳು, ಹಿತ್ತಾಳೆ ವಾದ್ಯಗಳ ಗಡುಸು ಧ್ವನಿ. ಕೇಳಿದ ಕೂಡಲೇ ಬಾಗಿಲ ಚಿಲಕ ಹಾಕಿದೆಯೇ ಎಂದು ನೋಡಬೇಕೆನಿಸುತ್ತದೆ. ಆ ನಾಲ್ಕು ಸ್ವರಗಳು ಎಪಿಸೋಡಿಗೂ ಬಂದವು, ಆಮೇಲೆ ಬಾಬ್ ಕಾಣಿಸಿಕೊಂಡಾಗಲೆಲ್ಲ ಅವನ ಹಿಂದೆಯೇ ಬರತೊಡಗಿದವು. ಹರ್ಮನ್ ಬರೆದ ಸಂಗೀತವನ್ನು 'ಬಾಬ್‌ನ ಮ್ಯೂಸಿಕ್' ಎಂದು ಕರೆಯುವವರು ಇವತ್ತು ಎಷ್ಟೋ ಜನ ಇದ್ದಾರೆ, ನಾನೂ ವರ್ಷಗಟ್ಟಲೆ ಹಾಗೆಯೇ ಕರೆದವನು.

ಇನ್ನೊಂದು ಪದರ ಬಾಬ್‌ನ ಬೆರಳ ಗೆಣ್ಣುಗಳಲ್ಲಿದೆ. ಇದನ್ನು ನಾನು ಗಮನಿಸಿದ್ದು ತೀರ ಇತ್ತೀಚೆಗೆ, ಚಿತ್ರವನ್ನು ನಿಲ್ಲಿಸಿ ನೋಡಿದಾಗ. 1955ರ 'ದಿ ನೈಟ್ ಆಫ್ ದಿ ಹಂಟರ್'ನಲ್ಲಿ ಇದೇ ಮಿಚಮ್ ಒಬ್ಬ ಕೊಲೆಗಡುಕ ಪಾದ್ರಿ. ಅವನ ಒಂದು ಕೈಯ ನಾಲ್ಕು ಗೆಣ್ಣುಗಳ ಮೇಲೆ 'ಲವ್', ಇನ್ನೊಂದು ಕೈಯ ಮೇಲೆ 'ಹೇಟ್' ಎಂದು ಇಂಗ್ಲಿಷಿನ ನಾಲ್ಕು ನಾಲ್ಕು ಅಕ್ಷರಗಳ ಹಚ್ಚೆ. ಬಾಬ್‌ಗೂ ಅದೇ ಹಚ್ಚೆ ಇದೆ. ಆದರೆ ಸಿಂಪ್ಸನ್ಸ್ ಕಥೆ ನಡೆಯುವ ಊರಾದ ಸ್ಪ್ರಿಂಗ್‌ಫೀಲ್ಡಿನ ಜನಕ್ಕೆ ಕೈಯಲ್ಲಿ ಹೆಬ್ಬೆರಳು ಸೇರಿ ನಾಲ್ಕೇ ಬೆರಳು. ಗೆಣ್ಣು ಸಿಗುವುದು ಮೂರೇ. ಹಾಗಾಗಿ ಅವನ ಕೈಮೇಲೆ ಎರಡೂ ಪದಗಳು ಮೂರು ಮೂರು ಅಕ್ಷರಕ್ಕೆ ಇಳಿದಿವೆ, ಎರಡನೆಯದರಲ್ಲಿ ಉಚ್ಚಾರ ತಪ್ಪದಿರಲಿ ಎಂದು ನಡುವಿನ ಅಕ್ಷರದ ತಲೆಯ ಮೇಲೊಂದು ಗೀಟು ಎಳೆದಿದ್ದಾರೆ. ಈ ಗೀಟಿನ ಮುಂದೆ ನಾನು ತುಂಬ ಹೊತ್ತು ಕೂತೆ. ಯಾರೋ ಒಬ್ಬರು ಈ ಲೋಕದ ಮನುಷ್ಯನಿಗೆ ಎಷ್ಟು ಗೆಣ್ಣು ಎಂದು ಎಣಿಸಿದ್ದಾರೆ, ಓದಿಕೊಂಡವನೆಂಬ ಹೆಮ್ಮೆಯ ಬಾಬ್ ಕಾಗುಣಿತದ ವಿಷಯದಲ್ಲಿ ರಾಜಿಯಾಗುವವನಲ್ಲ ಎಂದು ಯೋಚಿಸಿದ್ದಾರೆ, ಆಮೇಲೆ ಆ ಗೀಟು ಎಳೆದಿದ್ದಾರೆ. ಟಿವಿಯಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ.

ಕಾರಿನ ಅಡಿಯ ಸೀನ್ ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿತು. ಸ್ಕಾರ್ಸೆಸೆಯ ಸಿನಿಮಾದಲ್ಲಿ ವಕೀಲನ ಸಂಸಾರ ಊರು ಬಿಟ್ಟು ಬಹು ದೂರ ಓಡಿಹೋಗುತ್ತದೆ. ತಪ್ಪಿಸಿಕೊಂಡೆವು ಎಂದುಕೊಳ್ಳುವ ಹೊತ್ತಿಗೆ, ನಿಂತ ಕಾರಿನ ಕೆಳಗೆ ಕೇಡಿ ತನ್ನನ್ನು ಪಟ್ಟಿಗಳಿಂದ ಕಟ್ಟಿಕೊಂಡು ನೇತಾಡುತ್ತಿರುವುದನ್ನು ಕ್ಯಾಮೆರಾ ತೋರಿಸುತ್ತದೆ. ಭಯ ಹುಟ್ಟುವುದು ಆ ತೋರಿಸುವಿಕೆಯಲ್ಲೇ. ಅಷ್ಟು ಮೈಲಿ ಅವನು ಅಲ್ಲಿ ಹೇಗೆ ಇದ್ದ ಎಂಬ ಪ್ರಶ್ನೆಯನ್ನು ಸಿನಿಮಾ ನಮಗೆ ಕೇಳಲು ಬಿಡುವುದಿಲ್ಲ, ಕೇಳಿದರೆ ಭಯ ಇಳಿದುಹೋಗುತ್ತದೆ. ಎಪಿಸೋಡ್ ಮಾಡಿದ್ದು ಆ ಒಂದೇ ಪ್ರಶ್ನೆ ಕೇಳಿದ್ದು. ಕಾರಿನಡಿ ಕಟ್ಟಿಕೊಂಡವನು ಮನುಷ್ಯನಾದರೆ ದಾರಿಯಲ್ಲಿ ಅವನಿಗೆ ಏನೇನಾಗುತ್ತದೆ? ರಸ್ತೆಯುಬ್ಬು ಬರುತ್ತದೆ. ಕುದಿಯುವ ಕಾಫಿ ಸುರಿಯುತ್ತದೆ. ಹೋಮರ್ ಕಾರನ್ನು ಕಳ್ಳಿಗಿಡಗಳ ನಡುವೆಯೇ ನುಗ್ಗಿಸುತ್ತಾನೆ. ಪ್ರತಿಯೊಂದಕ್ಕೂ ಕೆಳಗಿನಿಂದ ಒಂದು ಕೂಗು. ಮೂಲ ಸಿನಿಮಾ ನೋಡಿರದ ನಾವು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲು ಏನೂ ಕಷ್ಟವಿರಲಿಲ್ಲ. ಹಂಪ್ ಇರುವ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆಲ್ಲ ಅದರ ಉತ್ತರ ಸೊಂಟದಲ್ಲೇ ಇದೆ.

ಒಳ್ಳೆಯ ಅಣಕದ ಕೆಲಸ ಮೂಲವನ್ನು ನೆನಪಿಸುವುದಷ್ಟೇ ಅಲ್ಲ, ಮೂಲ ಜಾಣತನದಿಂದ ಮುಚ್ಚಿಟ್ಟ ಪ್ರಶ್ನೆಯನ್ನು ಹುಡುಕಿ ತೆಗೆಯುವುದು ಎಂದು ನನಗೆ ಈಗ ಗಟ್ಟಿಯಾಗಿ ಅನ್ನಿಸುತ್ತದೆ. ಖಳನಾಯಕ ನೆರಳಿನಿಂದ ಬಂದು ಎದೆ ನಡುಗಿಸುತ್ತಾನೆ, ಸರಿ, ಅವನು ಕತ್ತಲಲ್ಲಿ ಯಾವುದನ್ನೂ ಎಡವುವುದಿಲ್ಲವೆ? ಸಾಕ್ಷಿಗಳ ರಕ್ಷಣೆಗೆಂದು ಪೊಲೀಸರು ಹೆಸರು ಬದಲಾಯಿಸಿ ಬೇರೆ ಊರಿಗೆ ಕಳಿಸುತ್ತಾರೆ, ಸರಿ, ಹೊಸ ಹೆಸರು ನೆನಪಿರದವನು ಆ ಮನೆಯಲ್ಲಿದ್ದರೆ? 'ಹಲೋ ಮಿಸ್ಟರ್ ಥಾಂಪ್ಸನ್' ಅಂದಾಗ ನೀವು ನಕ್ಕು ತಲೆಯಾಡಿಸಬೇಕು ಎಂದು ಇಬ್ಬರು ಅಧಿಕಾರಿಗಳು ಹೋಮರ್‌ಗೆ ಮತ್ತೆ ಮತ್ತೆ ಹೇಳಿಕೊಡುತ್ತಾರೆ. ಕೊನೆಗೆ ಕಾಲನ್ನೂ ತುಳಿದು ಸೂಚನೆ ಕೊಡುತ್ತಾರೆ. ಹೋಮರ್ ಪಕ್ಕದ ಅಧಿಕಾರಿಯ ಕಡೆ ಬಾಗಿ, ಅವರು ನಿಮ್ಮನ್ನೇ ಕರೀತಿದ್ದಾರೆ ಅನಿಸುತ್ತೆ ಎಂದು ಪಿಸುಗುಟ್ಟುತ್ತಾನೆ. ನಮ್ಮಲ್ಲಿ ಯಾರೂ ಅಮೆರಿಕದ ಸಾಕ್ಷಿ ರಕ್ಷಣೆ ಯೋಜನೆಯ ಬಗ್ಗೆ ಕೇಳಿರಲಿಲ್ಲ. ಮನೆಗೆ ಬಂದ ನೆಂಟರ ಮುಂದೆ ಏನು ಹೇಳಬೇಕೆಂದು ಮಕ್ಕಳಿಗೆ ಹೇಳಿಕೊಟ್ಟ ತಾಯಂದಿರ ಕಥೆ ಎಲ್ಲರ ಮನೆಯಲ್ಲೂ ಇತ್ತು.

ಬರೀ ಉಲ್ಲೇಖಗಳೂ ಎಪಿಸೋಡಿನಲ್ಲಿ ಇವೆ. ಬಾಬ್ ತಂಗುವ ಜಾಗದ ಹೆಸರು ಬೇಟ್ಸ್ ಮೋಟೆಲ್, ಹಿಚ್‌ಕಾಕ್‌ನ 'ಸೈಕೋ' ಸಿನಿಮಾ ನೋಡಿದವರಿಗೆ ಸಿಗುವ ಸಣ್ಣ ಕಾಣಿಕೆ. ಹೋಮರ್ ಹಾಕಿ ಆಟದ ಮುಖವಾಡ ತೊಟ್ಟು ಗರಗಸದ ಯಂತ್ರ ಹಿಡಿದು ಮಗನ ಕೋಣೆಗೆ ನುಗ್ಗುತ್ತಾನೆ, ತನ್ನ ಹೊಸ ವಸ್ತುಗಳನ್ನು ತೋರಿಸುವ ಖುಷಿಯಲ್ಲಿ. ಬೋರ್ಡಿನ ಹೆಸರು ಗುರುತು ಹಿಡಿದರೆ ಸಂತೋಷ, ಹಿಡಿಯದಿದ್ದರೆ ನಷ್ಟವಿಲ್ಲ. ಆಮೇಲೆ ಬಂದ ಎಷ್ಟೋ ಕಾರ್ಟೂನ್ ಸರಣಿಗಳು ಇಂಥ ಬೋರ್ಡುಗಳನ್ನೇ ಪೇರಿಸಿಕೊಂಡು ಹೋದವು: ಒಂದು ಹೆಸರು, ಒಂದು ಮುಖ, ಒಂದು ಹಳೇ ಜಾಹೀರಾತು, ಮುಂದಿನದು. ಗುರುತು ಹಿಡಿದೆ ಎನ್ನುವ ಸಂತೋಷ ನಿಜವೇ, ಆದರೆ ಆ ಹೆಸರು ಮರೆತ ದಿನ ಅಲ್ಲಿ ನಗಲು ಏನೂ ಉಳಿಯುವುದಿಲ್ಲ.

ಹಾಡುವ ಖಳ

ಕೊನೆಯ ಸೀನ್ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ದೋಣಿಮನೆಯಲ್ಲಿ ಬಾಬ್ ಎಲ್ಲರನ್ನೂ ಕಟ್ಟಿಹಾಕಿದ್ದಾನೆ, ಬಾರ್ಟ್ ಒಬ್ಬನೇ ಎದುರಿಗೆ. ಕೊನೆಯಾಸೆ ಏನು ಎಂದು ಬಾಬ್ ಕೇಳುತ್ತಾನೆ. ನದಿಯ ದಡದಲ್ಲಿ ಸ್ಪ್ರಿಂಗ್‌ಫೀಲ್ಡ್ 15 ಮೈಲಿ ಎಂಬ ಫಲಕವನ್ನು ಬಾರ್ಟ್ ಆಗಷ್ಟೇ ನೋಡಿದ್ದಾನೆ. ನಿಮ್ಮ ಕಂಠ ಎಷ್ಟು ಚೆನ್ನಾಗಿದೆ, 'ಎಚ್.ಎಂ.ಎಸ್. ಪಿನಾಫೋರ್' ಪೂರ್ತಿ ಹಾಡಿ ಎನ್ನುತ್ತಾನೆ. ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ ಆ ಸಂಗೀತ ನಾಟಕ 1878ರಲ್ಲಿ ಲಂಡನ್ನಿನಲ್ಲಿ ಮೊದಲು ಆಡಿದ್ದು. ಬಾಬ್ ನಿಜಕ್ಕೂ ಹಾಡುತ್ತಾನೆ. ಧ್ವನಿ ಕೊಟ್ಟ ಕೆಲ್ಸಿ ಗ್ರಾಮರ್ ನಿಜಕ್ಕೂ ಹಾಡಿದ್ದಾರೆ, ತಮಾಷೆಗೆಂದು ಸ್ವರ ಕೆಡಿಸದೆ, ಪೂರ್ಣ ಮನಸ್ಸಿನಿಂದ. ಹಿಂದೆ ಬ್ರಿಟಿಷ್ ಬಾವುಟ ಕೂಡ ಇಳಿದು ಬರುತ್ತದೆ. ಹಾಡು ಮುಗಿಯುವ ಹೊತ್ತಿಗೆ ದೋಣಿ ಊರು ತಲುಪಿರುತ್ತದೆ, ಪೊಲೀಸರು ನಿಂತಿರುತ್ತಾರೆ.

ಕೊಲೆಗಾರನನ್ನು ಅವನ ಕಲಾಭಿಮಾನದ ಮೂಲಕವೇ ತಡೆಯುವ ಈ ಉಪಾಯ ಸಿನಿಮಾದಿಂದ ಬಂದದ್ದಲ್ಲ ಎಂದೇ ನಾನು ತಿಳಿದಿದ್ದೆ. ಆದರೆ ಸ್ಕಾರ್ಸೆಸೆಯ ಸಿನಿಮಾದ ಕೊನೆಯಲ್ಲಿ ಕೇಡಿಯೂ ಹಾಡುತ್ತಾನೆ. ಒಡೆದ ದೋಣಿಯ ತುಂಡಿಗೆ ಕೈಕೋಳದಿಂದ ಸಿಕ್ಕಿಕೊಂಡು ಮುಳುಗುತ್ತಾ, ಜೋರ್ಡಾನ್ ನದಿಯ ದಡದಲ್ಲಿ ನಿಂತಿದ್ದೇನೆ ಎಂಬ ಭಕ್ತಿಗೀತೆ. ಮೈ ಜುಂ ಎನ್ನುವ ಸಾವು ಅದು. ಅದೇ ನದಿ, ಅದೇ ದೋಣಿ, ಅದೇ ಹಾಡುವ ಖಳ. ಎಪಿಸೋಡ್ ಬರೆದ ಜಾನ್ ವಿಟ್ಟಿಯಾಗಲಿ ನಿರ್ದೇಶಿಸಿದ ರಿಚ್ ಮೂರ್ ಆಗಲಿ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದರು ಎಂದು ನಾನು ವಾದಿಸುವುದಿಲ್ಲ. ಒಂದನ್ನು ಅಷ್ಟು ಹತ್ತಿರದಿಂದ ನೋಡಿದವರ ಕೈಗೆ ಅದರ ಗುಣ ತಾನಾಗಿ ಹತ್ತುತ್ತದೆ ಎಂದಷ್ಟೇ ನನ್ನ ನಂಬಿಕೆ.

ಹತ್ತಿರದಿಂದ ನೋಡದಿದ್ದಾಗ

ಇದೇ ಸರಣಿಯಲ್ಲಿ ನಮಗೆ ಮೂಲ ಚೆನ್ನಾಗಿ ಗೊತ್ತಿದ್ದ ಒಂದು ಉಲ್ಲೇಖವೂ ಇತ್ತು. ಕ್ವಿಕ್-ಇ-ಮಾರ್ಟ್ ಅಂಗಡಿಯ ಅಪು. ಆ ಹೆಸರು ಬಂದದ್ದು ಸತ್ಯಜಿತ್ ರಾಯ್ ಅವರ ಮೂರು ಸಿನಿಮಾಗಳ ಅಪುವಿನಿಂದ. ರೈಲು ನೋಡಲು ಬಿಳಿ ಹುಲ್ಲಿನ ನಡುವೆ ಅಕ್ಕನ ಹಿಂದೆ ಓಡಿದ ಆ ಹುಡುಗನ ಹೆಸರು ಸ್ಪ್ರಿಂಗ್‌ಫೀಲ್ಡಿನ ಅಂಗಡಿ ಕೌಂಟರಿಗೆ ತಲುಪಿತು. ಟಿವಿ ಕೋಣೆಯಲ್ಲಿ ಅಪು ಬಂದಾಗ ನಾವು ನಕ್ಕಿದ್ದೂ ಉಂಟು, ನಮ್ಮವನೊಬ್ಬ ಅಲ್ಲಿದ್ದಾನಲ್ಲ ಎಂಬ ಸಲಿಗೆಯಿಂದ. ಅಮೆರಿಕದಲ್ಲಿ ಬೆಳೆದ ಭಾರತೀಯ ಮಕ್ಕಳಿಗೆ ಆ ಸಲಿಗೆ ಸಿಗಲಿಲ್ಲ. ಶಾಲೆಯ ಅಂಗಳದಲ್ಲಿ ಆ ದನಿಯನ್ನು ಅವರ ಮುಖಕ್ಕೇ ಎರಚಲಾಗುತ್ತಿತ್ತು. ಹಾಗೆ ಬೆಳೆದ ಹಾಸ್ಯ ಕಲಾವಿದ ಹರಿ ಕೊಂಡಬೋಲು 2017ರಲ್ಲಿ ಇದನ್ನೇ ಇಟ್ಟುಕೊಂಡು 'ದಿ ಪ್ರಾಬ್ಲಮ್ ವಿತ್ ಅಪು' ಎಂಬ ಸಾಕ್ಷ್ಯಚಿತ್ರ ಮಾಡಿದರು. ಧ್ವನಿ ಕೊಡುತ್ತಿದ್ದ ಹ್ಯಾಂಕ್ ಅಜೇರಿಯಾ 2020ರಲ್ಲಿ ಆ ಪಾತ್ರದಿಂದ ಹಿಂದೆ ಸರಿದರು.

ಅಪುವಿನ ಮೇಲೆ ಬರೆದ ಕೆಲವು ಎಪಿಸೋಡುಗಳಲ್ಲಿ ಅಕ್ಕರೆ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕೇಡಿಯ ವಿಷಯದಲ್ಲಿ ಸಿಗಾರಿನ ಹೊಗೆ, ಕಾರಿನ ಪಟ್ಟಿ, ಹರ್ಮನ್‌ನ ನಾಲ್ಕು ಸ್ವರ, ಗೆಣ್ಣಿನ ಮೇಲಿನ ಗೀಟು, ಪ್ರತಿಯೊಂದನ್ನೂ ಲಕ್ಷ್ಯವಿಟ್ಟು ನೋಡಿ ಎತ್ತಿಕೊಂಡಿದ್ದರು. ಅಪುವಿನ ದನಿಗೆ ಮೂಲ ಎಲ್ಲಿತ್ತು? ಅದು ಯಾವ ಬಂಗಾಳಿಯ ಇಂಗ್ಲಿಷೂ ಅಲ್ಲ, ತಮಿಳರದೂ ಅಲ್ಲ, ನಮ್ಮದೂ ಅಲ್ಲ. ಹಳೆಯ ಹಾಲಿವುಡ್ಡಿನಲ್ಲಿ ಬಿಳಿಯ ನಟರು ಭಾರತೀಯರಾಗಿ ಮಾಡುತ್ತಿದ್ದ ದನಿಯ ಮುಂದುವರಿಕೆ. ನೋಡದೆಯೇ ಮಾಡಿದ ಅಣಕಕ್ಕೆ ಕೇಳಲು ಪ್ರಶ್ನೆ ಇರುವುದಿಲ್ಲ, ಇಟ್ಟ ಹೆಸರು ಎಷ್ಟು ದೊಡ್ಡದಾದರೂ.

ಕರೆಂಟ್ ಹೋದ ಮೇಲೆ

ಆನ್ ವಾಶ್‌ಬರ್ನ್ ಎಂಬ ಅಮೆರಿಕದ ನಾಟಕಕಾರ್ತಿ ಇದೇ ಎಪಿಸೋಡಿನ ಮೇಲೆ ಒಂದು ನಾಟಕ ಕಟ್ಟಿದ್ದಾರೆ. 'ಮಿಸ್ಟರ್ ಬರ್ನ್ಸ್' ಎಂದು ಹೆಸರು, ಮೊದಲು ಆಡಿದ್ದು 2012ರಲ್ಲಿ ವಾಷಿಂಗ್ಟನ್ನಿನಲ್ಲಿ. ಅಣುಸ್ಥಾವರಗಳು ಕೈಕೊಟ್ಟು, ಇಡೀ ದೇಶದಲ್ಲಿ ಕರೆಂಟು ಇಲ್ಲವಾಗಿ, ಬದುಕುಳಿದ ಕೆಲವರು ಬೆಂಕಿ ಹಾಕಿಕೊಂಡು ಸುತ್ತ ಕೂತಿದ್ದಾರೆ. ಹೊತ್ತು ಕಳೆಯಲು, ಭಯ ಮರೆಯಲು, ಅವರು ಮಾಡುವುದು ಈ ಎಪಿಸೋಡನ್ನು ನೆನಪಿಸಿಕೊಳ್ಳುವುದು. ಆಮೇಲೆ ಏನಾಯ್ತು, ಅಲ್ಲ ಅದಕ್ಕೂ ಮೊದಲು ಇನ್ನೊಂದು ಸೀನ್ ಇತ್ತು, ಬಾಬ್ ಏನಂದ. ನಾಟಕದ ಈ ಭಾಗವನ್ನು ಬರೆಯುವ ಮೊದಲು ವಾಶ್‌ಬರ್ನ್ ನಟರನ್ನು ಕೂರಿಸಿ, ನೆನಪಿನಿಂದಲೇ ಎಪಿಸೋಡ್ ಹೇಳಿಸಿ, ಅದನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಎರಡನೆಯ ಅಂಕ ಏಳು ವರ್ಷದ ನಂತರದ್ದು. ನೆನಪುಗಳು ಆಗ ವ್ಯಾಪಾರವಾಗಿವೆ, ಊರೂರು ತಿರುಗುವ ನಾಟಕ ತಂಡಗಳು ಮಾತುಗಳನ್ನು ಕೊಂಡುಕೊಳ್ಳುತ್ತವೆ. ಮೂರನೆಯದು ಇನ್ನೂ 75 ವರ್ಷ ಮುಂದೆ. ಎಪಿಸೋಡನ್ನು ಕಣ್ಣಾರೆ ಕಂಡವರು ಯಾರೂ ಉಳಿದಿಲ್ಲ. ಕಥೆ ಈಗ ಗಂಭೀರವಾದ ಸಂಗೀತ ನಾಟಕ, ಬಾಬ್ ಜಾಗದಲ್ಲಿ ಅಣುಸ್ಥಾವರದ ಮಾಲೀಕ ಬರ್ನ್ಸ್ ಖಳನಾಗಿ ನಿಂತಿದ್ದಾನೆ. ದೋಣಿ ಇದೆ, ಬಾರ್ಟ್ ಇದ್ದಾನೆ, ಹಾಡು ಇದೆ.

ಸ್ಕಾರ್ಸೆಸೆ, ಮಿಚಮ್, ಡಿ ನೀರೊ ಎಲ್ಲ ಅಳಿಸಿಹೋದ ಮೇಲೂ ಏನು ಉಳಿಯಬಹುದು ಎಂದು ಆ ನಾಟಕ ಊಹಿಸುತ್ತದೆ. ಊಹಿಸಿದ್ದರಲ್ಲಿ ಒಂದು ಭಾಗ ನಮ್ಮ ಹಾಸ್ಟೆಲ್ಲಿನಲ್ಲಿ ಆಗಲೇ ನಡೆದುಹೋಗಿತ್ತು. ನಮಗೆ ಮೂಲ ಎಂಬುದೇ ಇರಲಿಲ್ಲ. ಮರುದಿನ ಮೆಸ್ಸಿನಲ್ಲಿ ನೋಡದವರಿಗೆ ನಾವು ಆ ಎಪಿಸೋಡ್ ಹೇಳಿದೆವು, ಗೆಳೆಯ ಎದ್ದು ನಿಂತು ಒಂದೊಂದೇ ಹೆಜ್ಜೆ ಇಟ್ಟು ಒಂದೊಂದು ರೇಕಿಗೂ ಮುಖ ಹಿಂಡಿ ತೋರಿಸಿದ. ಅವನು ಕಾರಿನಡಿಯ ಪ್ರಯಾಣಕ್ಕೆ ಆಗುಂಬೆ ಘಾಟಿಯ ತಿರುವುಗಳನ್ನೂ ಸೇರಿಸಿದ. ಕೇಳಿದವರು ಆಮೇಲೆ ಎಪಿಸೋಡ್ ನೋಡಿದಾಗ ಆಗುಂಬೆ ಎಲ್ಲಿ ಎಂದು ಕೇಳಿದ್ದರು.

ನನ್ನ ಅಕ್ಕನ ಮಗಳಿಗೆ ಈಗ ಹದಿಮೂರು. ರೇಕ್ ಏಟಿನ ತುಣುಕನ್ನು ಅವಳು ಫೋನಿನಲ್ಲಿ ಎಷ್ಟೋ ಸಲ ನೋಡಿದ್ದಾಳೆ, ಪರೀಕ್ಷೆಯ ಫಲಿತಾಂಶ ಬಂದಾಗ ಗೆಳತಿಯರಿಗೆ ಅದನ್ನೇ ಕಳಿಸುತ್ತಾಳೆ. ಅದು ಯಾವ ಕಾರ್ಟೂನಿನದು, ಆ ಗುಂಗುರು ಕೂದಲಿನವನು ಯಾರು ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿದ ಮೇಲೆ, "ಮಾಮ, ಹಾಗಾದ್ರೆ ಅವನು ಕಾರಿನ ಕೆಳಗೆ ಯಾಕಿದ್ದ?" ಎಂದು ಕೇಳಿದಳು. ಮುಂದಿನ ರಜೆಗೆ ಬಂದಾಗ ಮೊದಲು ಎಪಿಸೋಡ್ ಹಾಕುತ್ತೇನೆ. ಡಿ ನೀರೊ ಸಿನಿಮಾದಲ್ಲಿ ಹೆಣ್ಣಿನ ಮೇಲಿನ ಹಿಂಸೆ ವಿಪರೀತ, ಅದು ಅವಳ ವಯಸ್ಸಿಗಲ್ಲ, ಇನ್ನೂ ಐದಾರು ವರ್ಷ ಕಾಯಲಿ. ಮಿಚಮ್‌ನದನ್ನು ನಾನೊಮ್ಮೆ ಇನ್ನೊಂದು ಸಲ ಪೂರ್ತಿ ನೋಡಿ, ತೋರಿಸಬಹುದಾದಷ್ಟು ಭಾಗ ಆರಿಸಿಟ್ಟುಕೊಳ್ಳಬೇಕು. ಸಂಗೀತವನ್ನಂತೂ ಮೊದಲ ದಿನವೇ ಕೇಳಿಸುತ್ತೇನೆ, ಬರ್ನಾರ್ಡ್ ಹರ್ಮನ್ ಎಂದು ಹೆಸರು ಹೇಳಿಯೇ.